ಜೀವದ ಲೆಕ್ಕ ಕಲಿಸುವ ಓದು

ಎಚ್‌ಐವಿ ಸೋಂಕು ತಗುಲಿದ ವ್ಯಕ್ತಿ ಚಿಕಿತ್ಸೆಯಿಲ್ಲದೆಯೂ ಹಲವು ವರ್ಷ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರಬಹುದು. ಆ ಅವಧಿಯಲ್ಲಿ ಅವನ ರಕ್ತದಲ್ಲಿರುವ ವೈರಸ್‌ನ ಪ್ರಮಾಣ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಇದನ್ನು ನೋಡಿದ ಅನೇಕ ವೈದ್ಯರು 1990ರ ದಶಕದ ಮೊದಲ ವರ್ಷಗಳವರೆಗೂ, ಈ ಕಾಲದಲ್ಲಿ ವೈರಸ್ ತಣ್ಣಗೆ ಮಲಗಿರುತ್ತದೆ ಎಂದೇ ತಿಳಿದಿದ್ದರು. ಅದು ತಪ್ಪೆಂದು ತೋರಿಸಿಕೊಟ್ಟದ್ದು ಒಂದು ಲೆಕ್ಕ.

ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ಕದಲದೆ ನಿಂತಿದ್ದರೆ ಅದಕ್ಕೆ ಎರಡು ಕಾರಣ ಇರಬಹುದು. ನೀರು ಬರುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ. ಇಲ್ಲವೇ ಬಂದಷ್ಟೇ ಹೋಗುತ್ತಿದೆ. ಯಾವುದು ನಿಜವೆಂದು ತಿಳಿಯಬೇಕಾದರೆ ನೀರು ಬರುವ ಪೈಪನ್ನು ಮುಚ್ಚಿ, ಮಟ್ಟ ಎಷ್ಟು ಬೇಗ ಇಳಿಯುತ್ತದೆಂದು ನೋಡಬೇಕು. ನ್ಯೂಯಾರ್ಕಿನ ವೈದ್ಯ ಡೇವಿಡ್ ಹೋ ಮತ್ತು ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಅಲನ್ ಪೆರೆಲ್ಸನ್ ಮಾಡಿದ್ದು ಇದನ್ನೇ. ಐವರು ರೋಗಿಗಳಿಗೆ ರಿಟೊನಾವಿರ್ ಎಂಬ ಔಷಧ ಕೊಟ್ಟರು. ಆ ಔಷಧ ಇದ್ದಾಗ ಹುಟ್ಟುವ ಹೊಸ ವೈರಸ್‌ಗಳಿಗೆ ಸೋಂಕು ಹರಡುವ ಶಕ್ತಿ ಇರುವುದಿಲ್ಲ. ಮೊದಲ ಆರು ಗಂಟೆ ಎರಡೆರಡು ಗಂಟೆಗೊಮ್ಮೆ, ಎರಡನೆಯ ದಿನದವರೆಗೆ ಆರಾರು ಗಂಟೆಗೊಮ್ಮೆ, ಆಮೇಲೆ ಏಳನೆಯ ದಿನದವರೆಗೆ ದಿನಕ್ಕೊಮ್ಮೆ ರಕ್ತ ತೆಗೆದು ವೈರಸ್ ಎಣಿಸಿದರು. ಎಣಿಕೆ ಇಳಿದ ರೀತಿಯನ್ನು ಮೂರು ಅವಕಲ ಸಮೀಕರಣಗಳಿಗೆ, ಅಂದರೆ ನಮ್ಮ ಮಕ್ಕಳು ದ್ವಿತೀಯ ಪಿಯುಸಿಯಲ್ಲಿ ಡಿಫರೆನ್ಷಿಯಲ್ ಈಕ್ವೇಶನ್ ಎಂದು ಓದುವ ಜಾತಿಯ ಸಮೀಕರಣಗಳಿಗೆ, ಹೊಂದಿಸಿದರು.

1996ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು. ರೋಗಿಯ ರಕ್ತದಲ್ಲಿರುವ ವೈರಸ್‌ಗಳಲ್ಲಿ ಅರ್ಧದಷ್ಟು ಸುಮಾರು ಆರೇ ಗಂಟೆಯಲ್ಲಿ ನಾಶವಾಗುತ್ತವೆ. ವೈರಸ್ ಹೊಕ್ಕ ಜೀವಕೋಶಗಳಲ್ಲಿ ಅರ್ಧದಷ್ಟು ಒಂದೂವರೆ ದಿನ ದಾಟುವಷ್ಟರಲ್ಲಿ ಸಾಯುತ್ತವೆ. ಆದರೂ ಮಟ್ಟ ಇಳಿಯದಿರಲು ಕಾರಣ, ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತಿರುವುದು. ವೈರಸ್ ಮಲಗಿದೆ ಎಂದುಕೊಂಡಿದ್ದ ದೇಹದೊಳಗೆ ಹಗಲಿರುಳು ಯುದ್ಧ ನಡೆದಿತ್ತು. ಇಷ್ಟು ವೇಗವಾಗಿ ಮರಿ ಹಾಕುವ ವೈರಸ್, ನಕಲು ಮಾಡುವಾಗ ಆಗುವ ತಪ್ಪುಗಳಿಂದಲೇ ಒಂದೊಂದು ಔಷಧಕ್ಕೂ ಬಗ್ಗದ ರೂಪವನ್ನು ಬಹುಬೇಗ ಪಡೆದುಕೊಳ್ಳುತ್ತದೆ. ಹಾಗಾಗಿ ಒಂದು ಮಾತ್ರೆ ಸಾಲದು, ಏಕಕಾಲಕ್ಕೆ ಮೂರು ಬೇಕು ಎಂಬ ಚಿಕಿತ್ಸಾಕ್ರಮಕ್ಕೆ ಈ ಲೆಕ್ಕ ಭದ್ರವಾದ ಆಧಾರವಾಯಿತು. ಇಂದು ಎಚ್‌ಐವಿ ಇದ್ದವರು ಔಷಧ ತೆಗೆದುಕೊಂಡು ದೀರ್ಘಕಾಲ ಬಾಳುತ್ತಿರುವುದರ ಹಿಂದೆ ವೈದ್ಯರ ಜೊತೆಗೆ ಸಮೀಕರಣ ಬರೆದವರೂ ಇದ್ದಾರೆ.

ಪೆರೆಲ್ಸನ್ ಅವರ ಜೊತೆ ಕೆಲಸ ಮಾಡಿದ ನರೇಂದ್ರ ದೀಕ್ಷಿತ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರು. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ಇಂಟರ್‌ಫೆರಾನ್ ಜೊತೆಗೆ ರೈಬಾವಿರಿನ್ ಕೊಟ್ಟಾಗ ಏಕೆ ಹೆಚ್ಚು ಗುಣ ಕಾಣುತ್ತಿತ್ತು ಎಂಬುದನ್ನು ಇಂಥದೇ ಗಣಿತದಿಂದ ವಿವರಿಸಿದ ಅವರ ಪ್ರಬಂಧ 2004ರಲ್ಲಿ ‘ನೇಚರ್’ನಲ್ಲಿ ಬಂತು. ಜೈವಿಕ ಎಂಜಿನಿಯರಿಂಗ್ ಎಂಬ ಉನ್ನತ ಓದಿನಲ್ಲಿ ಏನು ಕಲಿಸುತ್ತಾರೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಎರಡು ಕೆಲಸಗಳನ್ನು. ಜೀವವನ್ನು ಅಳೆಯುವುದು, ಅಳೆದದ್ದನ್ನು ಸಮೀಕರಣವಾಗಿ ಬರೆಯುವುದು, ಆ ಸಮೀಕರಣ ನಂಬಿಕೊಂಡು ಏನನ್ನಾದರೂ ಕಟ್ಟುವುದು ಅಥವಾ ಗುಣಪಡಿಸುವುದು. ಇಡೀ ಓದು ಈ ಮೂರರ ನಡುವೆಯೇ ಓಡಾಡುತ್ತದೆ.

ನಮ್ಮಲ್ಲಿ ಜೈವಿಕ ಎಂಜಿನಿಯರಿಂಗ್ ಎಂಬ ಹೆಸರು ಕೇಳಿದೊಡನೆ ಜನ ಎರಡು ಬಗೆಯಾಗಿ ತಪ್ಪು ತಿಳಿಯುತ್ತಾರೆ. ಮೆಡಿಕಲ್ ಸೀಟು ಸಿಗದವರು ಹೋಗುವ ದಾರಿ ಎಂಬುದು ಒಂದು. ಗಣಿತ ಕಷ್ಟ ಎನ್ನುವ ಮಕ್ಕಳಿಗೆ ಸಿಗುವ ಎಂಜಿನಿಯರಿಂಗ್ ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಹಾನಿ ಮಾಡುತ್ತದೆ. ಗಣಿತ ತಪ್ಪಿಸಿಕೊಳ್ಳಲು ಈ ಕಡೆಗೆ ಬಂದ ವಿದ್ಯಾರ್ಥಿ ಪಿಎಚ್‌.ಡಿ. ಮಟ್ಟದ ಮೊದಲ ಸೆಮಿಸ್ಟರಿನಲ್ಲೇ ಸೋತು ಕೂರುತ್ತಾನೆ.

ಅಮೆರಿಕದ ಎಂಐಟಿಯಲ್ಲಿ 1998ರಲ್ಲಿ ಜೈವಿಕ ಎಂಜಿನಿಯರಿಂಗ್‌ಗೆಂದೇ ಪ್ರತ್ಯೇಕ ವಿಭಾಗ ಆರಂಭವಾಯಿತು. ಅಲ್ಲಿಯ ಪಿಎಚ್‌.ಡಿ. ವಿದ್ಯಾರ್ಥಿಗಳ ಪಾಠಪಟ್ಟಿ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಒಂದು ಪಾಠ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುವ, ಬಿಡುವ ವೇಗವನ್ನು ಕುರಿತದ್ದು. ಔಷಧದ ಕಣ ಜೀವಕೋಶದ ಗ್ರಾಹಕಕ್ಕೆ ಅಂಟಿ ಎಷ್ಟು ಹೊತ್ತು ಇರುತ್ತದೆ, ಕೋಶ ಅದನ್ನು ಎಷ್ಟು ಬೇಗ ಒಳಗೆ ಎಳೆದುಕೊಳ್ಳುತ್ತದೆ, ಇದೆಲ್ಲ ಅಲ್ಲಿ ಲೆಕ್ಕವಾಗುತ್ತದೆ. ಇನ್ನೊಂದು ಪಾಠದ ಹೆಸರನ್ನು ಕನ್ನಡಕ್ಕೆ ತಂದರೆ ‘ಜೈವಿಕ ವ್ಯವಸ್ಥೆಗಳಲ್ಲಿ ಕ್ಷೇತ್ರ, ಬಲ, ಹರಿವು’. ಅದನ್ನು ದಶಕಗಳ ಕಾಲ ಕಲಿಸಿದ ಅಲನ್ ಗ್ರಾಡ್ಜಿನ್‌ಸ್ಕಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಿಂದ ಬಂದವರು, ಸಂಶೋಧನೆ ಮಾಡಿದ್ದು ನಮ್ಮ ಮಂಡಿಯ ಮೃದ್ವಸ್ಥಿಯ ಮೇಲೆ. ಮಂಡಿಯ ಕೀಲಿನ ತುದಿಗಳನ್ನು ಹೊದಿಸಿರುವ ಆ ತೆಳು ಪದರದ ತೂಕದಲ್ಲಿ ಮುಕ್ಕಾಲು ಪಾಲು ನೀರು. ಅಷ್ಟು ನೀರಿರುವ ವಸ್ತು ದೇಹದ ಭಾರ ಹೇಗೆ ಹೊರುತ್ತದೆ? ಅದರೊಳಗಿನ ದೊಡ್ಡ ಅಣುಗಳ ಮೇಲೆ ಋಣ ವಿದ್ಯುದಂಶ ಕಿಕ್ಕಿರಿದಿದೆ. ಅವು ಒಂದನ್ನೊಂದು ದೂಡುತ್ತವೆ, ನೀರನ್ನು ಎಳೆದುಕೊಂಡು ಉಬ್ಬುತ್ತವೆ. ನಾವು ಹೆಜ್ಜೆ ಊರಿದಾಗ ನೀರು ಹೊರಕ್ಕೆ ಹೋಗಲು ನೋಡುತ್ತದೆ, ಆದರೆ ರಂಧ್ರಗಳು ತೀರ ಸಣ್ಣವಾದ್ದರಿಂದ ಬೇಗ ಹೋಗಲಾರದು. ಹೀಗಾಗಿ ಒತ್ತಡವನ್ನು ಬಹುಪಾಲು ನೀರೇ ಹೊರುತ್ತದೆ. ಮೃದ್ವಸ್ಥಿಯನ್ನು ಹಿಂಡಿದಾಗ ಅಳೆಯಬಹುದಾದಷ್ಟು ವೋಲ್ಟೇಜೂ ಹುಟ್ಟುತ್ತದೆ. ಮಂಡಿಯ ಈ ಒಂದು ಪದರ ಅರ್ಥವಾಗಲು ವಿದ್ಯುತ್ತು, ದ್ರವದ ಹರಿವು, ಘನವಸ್ತುವಿನ ಬಲ, ರಸಾಯನ ನಾಲ್ಕೂ ಒಟ್ಟಿಗೆ ಬೇಕು. ಒಂದನ್ನು ಬಿಟ್ಟರೂ ಲೆಕ್ಕ ಕೂಡುವುದಿಲ್ಲ.

ಈ ಶಾಸ್ತ್ರದ ಹಿರಿಯರಲ್ಲಿ ಒಬ್ಬರಾದ ವೈ.ಸಿ. ಫಂಗ್ ವಿಮಾನದ ರೆಕ್ಕೆಗಳನ್ನು ಕುರಿತು ಸಂಶೋಧನೆ ಮಾಡುತ್ತಿದ್ದವರು. ತಾಯಿಗೆ ಕಣ್ಣಿನ ಗ್ಲಾಕೋಮಾ ಬಂದಾಗ ದೇಹದೊಳಗಿನ ಒತ್ತಡ, ಹರಿವುಗಳ ಕಡೆ ಅವರ ಗಮನ ಹೊರಳಿತು. 1966ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ ಸೇರಿ ಬಯೊಎಂಜಿನಿಯರಿಂಗ್ ಓದನ್ನು ಕಟ್ಟಿದರು. ನೂರು ವರ್ಷ ತುಂಬಿ 2019ರಲ್ಲಿ ತೀರಿಕೊಂಡರು. ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಒಂದು ಪ್ರಯೋಗವನ್ನು ಹೇಳಲೇಬೇಕು.

ಅಪಧಮನಿಯ ಒಂದು ತುಂಡನ್ನು ಅಡ್ಡಲಾಗಿ ಕತ್ತರಿಸಿ ಉಂಗುರ ಮಾಡಿ, ಉಪ್ಪುನೀರಿನಲ್ಲಿ ಬಿಡಿ. ಅದರೊಳಗೆ ರಕ್ತವಿಲ್ಲ, ಒತ್ತಡವಿಲ್ಲ, ಯಾವ ಬಲವೂ ಇಲ್ಲ. ಈಗ ಉಂಗುರದ ಗೋಡೆಯನ್ನು ಒಂದು ಕಡೆ ಕತ್ತರಿಯಿಂದ ಸೀಳಿ. ಉಂಗುರ ಇದ್ದಂತೆ ಇರುವುದಿಲ್ಲ, ತಾನಾಗಿ ಬಾಯಿ ತೆರೆದು ಬಿಲ್ಲಿನಂತಾಗುತ್ತದೆ. ಎಂದರೆ, ಹೊರಗಿನ ಬಲ ಏನೂ ಇಲ್ಲದಾಗಲೂ ಗೋಡೆಯ ಒಳಮೈ ಅದುಮಿಕೊಂಡಿತ್ತು, ಹೊರಮೈ ಎಳೆದುಕೊಂಡಿತ್ತು. ಏಕೆ ಹೀಗೆ? ದಪ್ಪ ಗೋಡೆಯ ಕೊಳವೆಯೊಳಗೆ ಒತ್ತಡ ಏರಿದಾಗ ಒಳಮೈಗೇ ಅತಿ ಹೆಚ್ಚು ಎಳೆತ ಬೀಳುತ್ತದೆ ಎಂಬುದು ಮೆಕ್ಯಾನಿಕಲ್ ಎಂಜಿನಿಯರ್‌ಗಳಿಗೆಲ್ಲ ಗೊತ್ತು. ಒಳಮೈ ಮೊದಲೇ ಅದುಮಿಕೊಂಡಿದ್ದರೆ ರಕ್ತದೊತ್ತಡ ಬಂದಾಗ ಆ ಎಳೆತ ಗೋಡೆಯ ದಪ್ಪದುದ್ದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ದೇಹ ಬೆಳೆಯುತ್ತಲೇ ಈ ಏರ್ಪಾಡು ಮಾಡಿಕೊಂಡಿದೆ. ರಕ್ತದೊತ್ತಡ ಹೆಚ್ಚಾಗಿಯೇ ಉಳಿದರೆ ಗೋಡೆಯ ದಪ್ಪವೂ, ಸೀಳಿದಾಗ ಬಾಯಿ ತೆರೆಯುವ ಕೋನವೂ ಬದಲಾಗುತ್ತವೆ. ತಾಜಾ ಕುರಿ ಹೃದಯದ ಜೊತೆ ಬರುವ ಮಹಾಪಧಮನಿಯ ತುಂಡೊಂದು ಸಿಕ್ಕರೆ ಯಾವ ಪಿಯು ಕಾಲೇಜಿನ ಲ್ಯಾಬಿನಲ್ಲೂ ಇದನ್ನು ಮಾಡಿ ತೋರಿಸಬಹುದು. ಫಿಸಿಕ್ಸ್ ಮೇಷ್ಟ್ರೂ ಬಯಾಲಜಿ ಮೇಷ್ಟ್ರೂ ಒಂದೇ ಮೇಜಿನ ಸುತ್ತ ನಿಂತು ಅದನ್ನು ತೋರಿಸಬೇಕು ಎಂಬುದು ನನ್ನ ಆಸೆ.

ಉನ್ನತ ಓದಿನ ಇನ್ನೊಂದು ಗುಣ, ಒಂದೇ ಲೆಕ್ಕ ದೂರದೂರದ ಎರಡು ಕಡೆ ಕೆಲಸಕ್ಕೆ ಬರುವುದು. ಗಾಳಿಗೆ ತೆರೆದಿಟ್ಟ ನೀರು 25 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಕರಗಿಸಿಕೊಳ್ಳಬಲ್ಲದು. ಬೆಂಗಳೂರಿನ ಬಯೊಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಯೀಸ್ಟಿನಲ್ಲಿ. ಇಂಥ ಯೀಸ್ಟು ಫರ್ಮೆಂಟರ್ ಎಂಬ ತೊಟ್ಟಿಯಲ್ಲಿ ದಟ್ಟವಾಗಿ ಬೆಳೆದಾಗ ಆ 8 ಮಿಲಿಗ್ರಾಂ ಕೆಲವೇ ಸೆಕೆಂಡುಗಳಲ್ಲಿ ಖಾಲಿ. ಗಾಳಿಯನ್ನು ಎಷ್ಟು ವೇಗವಾಗಿ ನುಗ್ಗಿಸಬೇಕು, ಎಷ್ಟು ಜೋರಾಗಿ ಕಲಕಬೇಕು, ಗುಳ್ಳೆ ಎಷ್ಟು ಸಣ್ಣದಿರಬೇಕು ಎಂಬುದರ ಮೇಲೆಯೇ ಉತ್ಪಾದನೆ ನಿಂತಿದೆ. ಪ್ರಯೋಗಶಾಲೆಯಲ್ಲಿ ಯಕೃತ್ತಿನ ತುಂಡು ಬೆಳೆಸಲು ಹೊರಟವರನ್ನು ಕಾಡುವುದೂ ಇದೇ ಆಮ್ಲಜನಕ. ರಕ್ತನಾಳದಿಂದ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ದೂರ ಹೋಗುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಅದಕ್ಕಿಂತ ದಪ್ಪವಾದ ತುಂಡಿನೊಳಗೆ ರಕ್ತನಾಳ ಹೆಣೆಯದೆ ನಡುವಿನ ಕೋಶಗಳು ಬದುಕುವುದಿಲ್ಲ. ಕೃತಕ ಚರ್ಮ ಬಂದರೂ ಕೃತಕ ಯಕೃತ್ತು ಇನ್ನೂ ಬಾರದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಸಂಶೋಧನಾ ವಿದ್ಯಾರ್ಥಿಯ ಬದುಕು ಹೇಗಿರುತ್ತದೆ ಎಂಬುದಕ್ಕೆ ಪ್ರಿನ್ಸ್‌ಟನ್‌ನಲ್ಲಿ ನಡೆದ ಒಂದು ಕೆಲಸ ನೆನಪಾಗುತ್ತದೆ. ಮೈಕಲ್ ಎಲೊವಿಟ್ಜ್ ಆಗ ಭೌತಶಾಸ್ತ್ರದ ಪಿಎಚ್‌.ಡಿ. ವಿದ್ಯಾರ್ಥಿ, ಸ್ಟ್ಯಾನಿಸ್ಲಾಸ್ ಲೀಬ್ಲರ್ ಅವರ ಗೈಡ್. ಬ್ಯಾಕ್ಟೀರಿಯಾದೊಳಗೆ ಒಂದು ಗಡಿಯಾರ ಕಟ್ಟಬೇಕೆಂದು ಹೊರಟರು. ಮೂರು ವಂಶವಾಹಿಗಳು. ಮೊದಲನೆಯದರ ಪ್ರೋಟೀನು ಎರಡನೆಯದನ್ನು ತಡೆಯುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು. ಹೀಗೆ ಸುತ್ತು ಹಾಕಿಕೊಂಡು ಪ್ರೋಟೀನಿನ ಮಟ್ಟ ಏರಿ ಇಳಿಯಬೇಕು, ಜೊತೆಗೆ ಹಸಿರು ಬೆಳಕು ಬೀರುವ ಪ್ರೋಟೀನು ಮಿನುಗಬೇಕು. ಕಟ್ಟುವ ಮೊದಲೇ ಅವರು ಸಮೀಕರಣ ಬಿಡಿಸಿ ನೋಡಿದರು. ಪ್ರೋಟೀನುಗಳು ಹೆಚ್ಚು ಹೊತ್ತು ಉಳಿದರೆ ಗಡಿಯಾರ ನಿಂತುಹೋಗುತ್ತದೆ ಎಂದು ಲೆಕ್ಕ ಹೇಳಿತು. ಅದಕ್ಕಾಗಿ ಅವು ಬೇಗ ಕರಗಿಹೋಗುವಂತೆ ಪ್ರತಿಯೊಂದಕ್ಕೂ ಒಂದು ಬಾಲ ಸೇರಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ ಗಡಿಯಾರ ನಡೆಯಿತು. ಎರಡೂವರೆ ಗಂಟೆಯ ಆಸುಪಾಸಿಗೆ ಒಂದು ಸುತ್ತು, ಅಷ್ಟರಲ್ಲಿ ಬ್ಯಾಕ್ಟೀರಿಯಾ ಎರಡು ಬಾರಿ ಒಡೆದಿರುತ್ತದೆ. ಆದರೆ ಎಲ್ಲ ಕೋಶಗಳಲ್ಲೂ ನಡೆಯಲಿಲ್ಲ, ನಡೆದ ಕಡೆಯೂ ಅಕ್ಕತಂಗಿಯಂಥ ಎರಡು ಕೋಶಗಳ ಗಡಿಯಾರಗಳು ಬೇಗನೆ ತಾಳ ತಪ್ಪಿದವು.

ಪಾಠ ಇರುವುದು ಈ ತಾಳ ತಪ್ಪಿದ್ದರಲ್ಲೇ. ಒಂದೇ ವಂಶವಾಹಿ, ಒಂದೇ ಆಹಾರ, ಒಂದೇ ಉಷ್ಣತೆ ಇದ್ದರೂ ಎರಡು ಕೋಶಗಳು ಒಂದೇ ರೀತಿ ನಡೆದುಕೊಳ್ಳುವುದಿಲ್ಲ, ಏಕೆಂದರೆ ಕೋಶದೊಳಗೆ ಕೆಲವು ಅಣುಗಳ ಸಂಖ್ಯೆ ಬೆರಳೆಣಿಕೆಯಷ್ಟು. ಅಷ್ಟು ಕಡಿಮೆ ಇದ್ದಾಗ ಆಕಸ್ಮಿಕಕ್ಕೆ ಬೆಲೆ ಬರುತ್ತದೆ, ಸಂಭವನೀಯತೆಯ ಗಣಿತ ಬೇಕಾಗುತ್ತದೆ. ಎಲೊವಿಟ್ಜ್ ಮುಂದೆ ಇದೇ ಏರುಪೇರನ್ನು ಅಳೆಯುವುದರಲ್ಲಿ ಹೆಸರು ಮಾಡಿದರು. 2016ರಲ್ಲಿ ಹಾರ್ವರ್ಡ್‌ನ ಗುಂಪೊಂದು ಏರುಪೇರಿನ ಮೂಲಗಳನ್ನು ಹುಡುಕಿ ತೆಗೆದು ಅದೇ ಗಡಿಯಾರವನ್ನು ಹೆಚ್ಚು ಕಾಲ ಕರಾರುವಾಕ್ಕಾಗಿ ನಡೆಯುವಂತೆ ಮಾಡಿತು. ಒಂದು ಪಿಎಚ್‌.ಡಿ.ಯಲ್ಲಿ ಉಳಿದುಹೋದ ಪ್ರಶ್ನೆ ಹದಿನಾರು ವರ್ಷ ಬೇರೆಯವರಿಗೆ ಕೆಲಸ ಕೊಟ್ಟಿತು.

ನಮ್ಮ ದೇಶದ ಉದಾಹರಣೆ ಕೇಳಿದರೆ ನಾನು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಹೃದಯ ಕವಾಟವನ್ನು ಹೇಳುತ್ತೇನೆ. ಬಾಲ್ಯದ ಕೀಲುಜ್ವರದಿಂದ ಕವಾಟ ಕೆಟ್ಟವರು ನಮ್ಮಲ್ಲಿ ತುಂಬ ಮಂದಿ, ವಿದೇಶದ ಕವಾಟ ಕೊಳ್ಳುವ ಶಕ್ತಿ ಇದ್ದವರು ಕಡಿಮೆ. ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ ಎಂಜಿನಿಯರ್‌ಗಳನ್ನು ಜೊತೆಗೆ ಕಟ್ಟಿಕೊಂಡು ಇಲ್ಲೇ ಮಾಡೋಣವೆಂದು ಹೊರಟರು. ಹೃದಯ ನಿಮಿಷಕ್ಕೆ 70 ಬಾರಿ ಬಡಿದರೆ ವರ್ಷಕ್ಕೆ ಮೂರೂವರೆ ಕೋಟಿಗೂ ಮೀರಿ ಕವಾಟ ತೆರೆದು ಮುಚ್ಚಬೇಕು. ಹತ್ತು ವರ್ಷ ಬಾಳಿಕೆ ಬರುತ್ತದೆಂದು ಹೇಳಬೇಕಾದರೆ ಸುಮಾರು 36 ಕೋಟಿ ಬಾರಿ ತೆರೆದು ಮುಚ್ಚಿ ಪರೀಕ್ಷಿಸಬೇಕು. ರಕ್ತ ಹೆಪ್ಪುಗಟ್ಟಬಾರದು, ರಕ್ತಕಣ ಒಡೆಯಬಾರದು, ಲೋಹ ಸವೆಯಬಾರದು. ಮೊದಲಿನ ಮಾದರಿಗಳು ಕೈಕೊಟ್ಟವು. ತೆರೆದು ಮುಚ್ಚುವ ಭಾಗಕ್ಕೆ ಗಟ್ಟಿಯೆಂದು ನೀಲಮಣಿಯ ಬಿಲ್ಲೆ ಹಾಕಿದ ಮಾದರಿಯಲ್ಲಿ ಆ ಬಿಲ್ಲೆಯೇ ಒಡೆಯಿತು. ಕೊನೆಗೆ ವಿಶೇಷ ಬಗೆಯ ಪಾಲಿಥಿಲೀನಿನ ಬಿಲ್ಲೆ ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ವಲಿಯತ್ತಾನ್ ಆಮೇಲೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ನಮ್ಮ ರಾಜ್ಯಕ್ಕೆ ಬಂದರು, ಕೊನೆಯವರೆಗೂ ಮಣಿಪಾಲದಲ್ಲೇ ಇದ್ದರು. ಒಬ್ಬ ಡಾಕ್ಟರು ಲೋಹದ ವೆಲ್ಡಿಂಗ್ ಬಗ್ಗೆ, ಒಬ್ಬ ಎಂಜಿನಿಯರು ರಕ್ತ ಹೆಪ್ಪುಗಟ್ಟುವ ಬಗ್ಗೆ ತಲೆ ಕೆಡಿಸಿಕೊಂಡಾಗ ಮಾತ್ರ ಇಂಥದ್ದು ಸಾಧ್ಯ.

ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಜೈವಿಕ ಎಂಜಿನಿಯರಿಂಗ್‌ಗೆಂದೇ ಒಂದು ಕೇಂದ್ರ ಬಂತು, ಈಗ ಅದು ಬಯೊಎಂಜಿನಿಯರಿಂಗ್ ವಿಭಾಗ. ಅದರ ಮೊದಲ ಮುಖ್ಯಸ್ಥರು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಜಿ.ಕೆ. ಅನಂತಸುರೇಶ್. ಬೇರೆ ಬೇರೆ ಶಾಸ್ತ್ರದ ಇಬ್ಬರು ಗೈಡ್‌ಗಳ ಕೈಕೆಳಗೆ ಪಿಎಚ್‌.ಡಿ. ಮಾಡುವ ಪದ್ಧತಿ ಅಲ್ಲಿಯದು. ಎಂಜಿನಿಯರಿಂಗ್ ಓದಿ ಬಂದವನು ಜೀವಕೋಶ ಸಾಕುವುದನ್ನು ಕಲಿಯಬೇಕು, ಜೀವಶಾಸ್ತ್ರದಿಂದ ಬಂದವಳು ಗಣಿತ ಹಿಡಿಯಬೇಕು. ಮೊದಲು ಕೋರ್ಸ್‌ವರ್ಕ್, ಆಮೇಲೆ ಕಾಂಪ್ರಹೆನ್ಸಿವ್ ಪರೀಕ್ಷೆ, ವರ್ಷಗಟ್ಟಲೆ ಪ್ರಯೋಗ, ಕೊನೆಗೆ ಕೊಲೋಕ್ವಿಯಂ ಮತ್ತು ಡಿಫೆನ್ಸ್. ಐದಾರು ವರ್ಷ ಬೇಕು. ಐಐಟಿ ಧಾರವಾಡದಲ್ಲೂ ಜೀವವಿಜ್ಞಾನ ಮತ್ತು ಬಯೊಎಂಜಿನಿಯರಿಂಗ್ ವಿಭಾಗ ಇದೆ. ಪ್ರವೇಶಕ್ಕೆ ಗೇಟ್ ಅಥವಾ ನೆಟ್ ಪರೀಕ್ಷೆಯ ಅರ್ಹತೆ, ಮೇಲೆ ಸಂದರ್ಶನ. ಗೇಟ್‌ನಲ್ಲಿ 2020ರಿಂದ ಬಯೊಮೆಡಿಕಲ್ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆಯೇ ಇದೆ. ಸಂಶೋಧನಾ ವಿದ್ಯಾರ್ಥಿಗೆ ಸಿಗುವ ಜೆಆರ್‌ಎಫ್ ಶಿಷ್ಯವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಅದೇ ವಯಸ್ಸಿನ ಗೆಳೆಯರು ಐಟಿ ಕಂಪನಿಯಲ್ಲಿ ಗಳಿಸುವುದಕ್ಕೆ ಹೋಲಿಸಿದರೆ ಕಡಿಮೆ. ಇದನ್ನು ಮುಚ್ಚಿಡಬಾರದು. ಓದು ಮುಗಿದ ಮೇಲೆ ಔಷಧ ಕಂಪನಿ, ವೈದ್ಯಕೀಯ ಉಪಕರಣದ ಕಂಪನಿ, ಪೋಸ್ಟ್‌ಡಾಕ್‌ಗೆಂದು ವಿದೇಶ, ಸ್ವಂತ ಸ್ಟಾರ್ಟಪ್ ಹೀಗೆ ದಾರಿಗಳಿವೆ, ಆದರೆ ಸಾಫ್ಟ್‌ವೇರಿನಷ್ಟು ಅಗಲವಾದ ದಾರಿ ಯಾವುದೂ ಅಲ್ಲ. 2000ದ ನಂತರ ಬಯೊಟೆಕ್ನಾಲಜಿ ಅಲೆ ಎದ್ದಾಗ ಬಿ.ಇ. ಮಾಡಿದ ಎಷ್ಟೋ ಮಕ್ಕಳು ಕೆಲಸ ಸಿಗದೆ ಕೋಡಿಂಗ್ ಕಲಿತು ಬೇರೆ ಕಡೆ ಹೋದದ್ದು ನಮ್ಮೆಲ್ಲರ ಕಣ್ಣ ಮುಂದಿದೆ.

ಆದರೂ ನನ್ನ ನಿಜವಾದ ಕಳವಳ ಸಂಬಳದ್ದಲ್ಲ. ಹದಿನಾರರ ವಯಸ್ಸಿನಲ್ಲೇ ನಾವು ಈ ಓದಿನ ಬಾಗಿಲು ಮುಚ್ಚಿಬಿಡುತ್ತೇವೆ. ಪಿಸಿಎಂಬಿ ತೆಗೆದುಕೊಂಡ ಮಗುವನ್ನು ಕೋಚಿಂಗಿನವರು ಮೊದಲ ತಿಂಗಳಲ್ಲೇ ನೀಟ್ ಬ್ಯಾಚ್, ಜೆಇಇ ಬ್ಯಾಚ್ ಎಂದು ವಿಂಗಡಿಸುತ್ತಾರೆ. ನೀಟ್ ಬ್ಯಾಚಿನವಳಿಗೆ ಗಣಿತ ಪಾಸಾಗುವಷ್ಟು ಸಾಕು, ಜೆಇಇ ಬ್ಯಾಚಿನವನಿಗೆ ಬಯಾಲಜಿ ರೆಕಾರ್ಡ್ ಬರೆಯುವಷ್ಟು ಸಾಕು. ನೀಟ್‌ನಲ್ಲಿ ಸೀಟು ಸಿಗದವಳು ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಬಿಎಸ್ಸಿ ಸಿಬಿಝಡ್ ಸೇರುತ್ತಾಳೆ. ಮೂರು ವರ್ಷ ಗಣಿತದ ಪುಸ್ತಕ ಮುಟ್ಟುವುದಿಲ್ಲ. ಎಂಎಸ್ಸಿ ಮೈಕ್ರೊಬಯಾಲಜಿ ಮುಗಿಸಿ ಪಿಎಚ್‌.ಡಿ. ಸಂದರ್ಶನಕ್ಕೆ ಬಂದಾಗ ಬ್ಯಾಕ್ಟೀರಿಯಾದ ಹೆಸರು, ಗುಣ, ಬಣ್ಣ ಎಲ್ಲ ನಾಲಿಗೆ ತುದಿಯಲ್ಲಿ. ಅದು ದುಪ್ಪಟ್ಟಾಗಲು ಎಷ್ಟು ಹೊತ್ತು ಬೇಕೆಂಬುದನ್ನು ಬೆಳವಣಿಗೆಯ ಸಮೀಕರಣದಿಂದ ತೆಗೆಯಲು ಹೇಳಿದರೆ ಪೆನ್ನು ನಿಲ್ಲುತ್ತದೆ. ಬುದ್ಧಿ ಕಡಿಮೆಯಾಗಿ ಅಲ್ಲ. ಏಳು ವರ್ಷ ಯಾರೂ ಅವಳಿಗೆ ಆ ಪ್ರಶ್ನೆ ಕೇಳಲಿಲ್ಲ, ಅಷ್ಟೇ.

ಇದನ್ನು ಸರಿಪಡಿಸಲು ಸರ್ಕಾರ ಹೊಸ ಕಾಲೇಜು ಕಟ್ಟಬೇಕಿಲ್ಲ. ಪದವಿ ಕಾಲೇಜುಗಳು ಸಿಬಿಝಡ್ ಮಕ್ಕಳಿಗೆ ಕಲನಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದ ಒಂದು ಪತ್ರಿಕೆಯನ್ನು ಕಡ್ಡಾಯ ಮಾಡಲಿ, ಎಂಜಿನಿಯರಿಂಗ್ ಕಾಲೇಜುಗಳು ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮಕ್ಕಳಿಗೆ ಜೀವಕೋಶದ ಮೇಲೆ ಒಂದು ಗಟ್ಟಿ ಪತ್ರಿಕೆ ಇಡಲಿ. ಈಗಾಗಲೇ ಪದವಿಯಲ್ಲಿರುವವರು ಕಾಯಬೇಕಾಗಿಲ್ಲ. ಎಂಐಟಿಯ ಪಾಠಗಳು ಓಪನ್‌ಕೋರ್ಸ್‌ವೇರ್‌ನಲ್ಲಿ, ನಮ್ಮ ಐಐಟಿಗಳ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಪಿಯುಸಿ ಮಕ್ಕಳಿರುವ ತಂದೆತಾಯಿಯರಲ್ಲಿ ಒಂದು ವಿನಂತಿ. ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ಓಪನ್ ಡೇ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಬಯೊಎಂಜಿನಿಯರಿಂಗ್ ವಿಭಾಗದ ವಿದ್ಯಾರ್ಥಿಗಳ ಹತ್ತಿರ ನಿಂತು ಮಾತನಾಡಿಸಿ. ಅವರು ಪಿಯುಸಿಯಲ್ಲಿ ಏನು ಓದಿದ್ದರು, ಏನನ್ನು ಬಿಟ್ಟು ಆಮೇಲೆ ಕಷ್ಟಪಟ್ಟರು ಎಂದು ಮಕ್ಕಳೇ ಕೇಳಲಿ. ಗಣಿತವನ್ನೋ ಬಯಾಲಜಿಯನ್ನೋ ಕೈಬಿಡುವ ತೀರ್ಮಾನವನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕಿ.